ಅಪ್ಪಣ್ಣನ ಬೀಗ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡದೆ ಹೊರಡುವವರು ನಮ್ಮಲ್ಲಿ ಕಡಿಮೆ. ಜಗ್ಗಿ, ಮೆಟ್ಟಿಲಿಳಿದು, ಗೇಟಿನ ತನಕ ಹೋಗಿ, ಮತ್ತೆ ವಾಪಸು ಬಂದು ಇನ್ನೊಂದು ಸಲ ಜಗ್ಗಿ ಹೋಗುವವರೂ ಇದ್ದಾರೆ. ಕದಿಯುವಂಥದ್ದು ಏನೂ ಇಲ್ಲದ ಮನೆಯವರೇ ಹೆಚ್ಚು ಜಗ್ಗುತ್ತಾರೆ ಎಂದು ನನ್ನ ಅನುಮಾನ. ಚಿನ್ನವನ್ನೆಲ್ಲ ಬ್ಯಾಂಕಿನ ಲಾಕರಿನಲ್ಲಿಟ್ಟವರು ನೆಮ್ಮದಿಯಾಗಿ ತಿರುಪತಿಗೆ ಹೋಗಿಬರುತ್ತಾರೆ. ನಾಲ್ಕು ಸ್ಟೀಲಿನ ಕೊಡ, ಒಂದು ಹಳೇ ಟೀವಿ ಇರುವವರು ಬಸ್ಸು ಹೊರಟ ಮೇಲೆ ಹೆಂಡತಿಯ ಮುಖ ನೋಡುತ್ತಾರೆ: "ಬೀಗ ಹಾಕಿದ್ನಾ ಇಲ್ವಾ?" "ಹಾಕಿದ್ರಿ, ಮೂರು ಸಲ ಎಳೆದೂ ನೋಡಿದ್ರಿ, ಸುಮ್ನೆ ಕೂತ್ಕೊಳಿ" ಎಂಬ ಉತ್ತರ ಬಂದರೂ ಮುಂದಿನ ಸ್ಟಾಪಿನ ತನಕ ಸಮಾಧಾನವಿಲ್ಲ.

ಇಂಥ ಲೋಕಸಾಮಾನ್ಯ ಚಟದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು 'ನಾಗಮಂಡಲ' ನಾಟಕ ನೋಡುವಾಗ. ಗಿರೀಶ ಕಾರ್ನಾಡರು 1980ರ ದಶಕದ ಕೊನೆಯಲ್ಲಿ ಬರೆದ ನಾಟಕ, ಎ. ಕೆ. ರಾಮಾನುಜನ್ ಅವರ ಬಾಯಿಂದ ಕೇಳಿದ ಎರಡು ಜನಪದ ಕಥೆಗಳನ್ನು ಒಂದರೊಳಗೊಂದು ಹೆಣೆದು ಮಾಡಿದ್ದು. ಕಥೆ ಬಹಳ ಜನಕ್ಕೆ ಗೊತ್ತು. ಮೈನೆರೆದ ಹೆಂಡತಿ ರಾಣಿಯನ್ನು ಅಪ್ಪಣ್ಣ ಮನೆಗೆ ಕರೆತರುತ್ತಾನೆ. ನಾಳೆ ಮಧ್ಯಾಹ್ನ ಬರುತ್ತೇನೆ, ಅಡಿಗೆ ಮಾಡಿಟ್ಟಿರು ಎಂದು ಹೇಳಿ ಹೊರಗಿನಿಂದ ಬೀಗ ಜಡಿದು ತಾನಿಟ್ಟುಕೊಂಡವಳ ಮನೆಗೆ ಹೊರಡುತ್ತಾನೆ. ದಿನಾ ಇದೇ. ಕುರುಡವ್ವ ಎಂಬ ಮುದುಕಿ ಕೊಟ್ಟ ವಶೀಕರಣದ ಬೇರು ಹುತ್ತದ ಹಾವಿನ ಪಾಲಾಗಿ, ಆ ಹಾವು ರಾತ್ರಿಹೊತ್ತು ಅಪ್ಪಣ್ಣನ ರೂಪ ತಾಳಿ ರಾಣಿಯ ಬಳಿ ಬರತೊಡಗುತ್ತದೆ. ಮುಂದಿನದು ಬಸಿರು, ಪಂಚಾಯಿತಿ, ಹುತ್ತಕ್ಕೆ ಕೈಹಾಕಿ ಮಾಡುವ ಆಣೆ.

ಉಡುಪಿ ಕಡೆಯ ಹಿರಿಯರೊಬ್ಬರು ಹೆಸರು ನೋಡಿ ಈ ನಾಟಕಕ್ಕೆ ಬಂದಿದ್ದರು. ಅವರ ಊರಿನಲ್ಲಿ ನಾಗಮಂಡಲವೆಂದರೆ ಬಣ್ಣದ ಪುಡಿಯಲ್ಲಿ ಬರೆದ ಮಂಡಲ, ವೈದ್ಯರ ಢಕ್ಕೆ, ಸಿಂಗಾರದ ಹೂ ಹಿಡಿದ ನಾಗಪಾತ್ರಿ, ರಾತ್ರಿಯಿಡೀ ಜನಜಂಗುಳಿ. ನಾಟಕ ಮುಗಿಸಿ ಹೊರಗೆ ಬಂದವರು, "ಮಂಡಲ ಎಲ್ಲಿದೆ ಮಾರಾಯ್ರೆ? ಬಾಗಿಲು ಹಾಕುವುದು, ಬಾಗಿಲು ತೆಗೆಯುವುದು, ಅಷ್ಟೇ" ಎಂದರು. ದೂರಿನ ಧಾಟಿಯಲ್ಲಿ ಹೇಳಿದರೂ ಆ ನಾಟಕದ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಅದೂ ಒಂದು.

ನಿಜವೇ, ಬಾಗಿಲು ಹಾಕುವುದು ಮತ್ತು ತೆಗೆಯುವುದು. ಆದರೆ ಆ ಬಾಗಿಲಿಗೆ ಗೋಡೆ ಇರುವುದಿಲ್ಲ. ನಾನು ನೋಡಿದ ಪ್ರಯೋಗಗಳಲ್ಲೆಲ್ಲ ಒಂದು ಚೌಕಟ್ಟು, ಅದಕ್ಕೊಂದು ಕದ, ಕುರುಡವ್ವ ಬಂದು ಮಾತಾಡಿಸಲು ಪಕ್ಕದಲ್ಲಿ ಸರಳುಗಳ ಒಂದು ಕಿಟಕಿ. ಆಚೀಚೆ ಬಯಲು. ರಂಗದ ಮೇಲೆ ಮನೆಯನ್ನು ಪೂರ್ತಿ ಕಟ್ಟುವುದಕ್ಕೆ ಆಗುವುದೂ ಇಲ್ಲ. ಅದೇ ಜಾಗ ಪಾಳುಗುಡಿ ಆಗಬೇಕು, ಹುತ್ತ ಆಗಬೇಕು, ಪಂಚಾಯಿತಿ ಕಟ್ಟೆ ಆಗಬೇಕು. ಬಾಗಿಲನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಹೊರಗಿನ ಬೀಗ, ಒಳಗಿನ ರಾಣಿ ಎರಡೂ ನಮಗೆ ಒಟ್ಟಿಗೆ ಕಾಣುತ್ತವೆ. ಅವಳಿಗೆ ಬೀಗ ಕಾಣದು, ಅಪ್ಪಣ್ಣನಿಗೆ ಅವಳು ಕಾಣಳು. ಎರಡನ್ನೂ ನೋಡುತ್ತ ತಂಪಾಗಿ ಕೂತವರು ನಾವು. ಹಳ್ಳಿಯಲ್ಲಾದರೆ ನಮ್ಮಂಥವರನ್ನು 'ಅಕ್ಕಪಕ್ಕದವರು' ಎನ್ನುತ್ತಾರೆ.

ಗೋಡೆಯಿಲ್ಲದ ಕಡೆ ಬೀಗಕ್ಕೇನು ಕೆಲಸ? ಅವಳು ಎರಡು ಹೆಜ್ಜೆ ಪಕ್ಕಕ್ಕಿಟ್ಟರೆ ಹೊರಗೆ ಬಂದಂತೆಯೇ. ಆದರೂ ಬರುವುದಿಲ್ಲ, ಬರಬಾರದು. ಬಂದರೆ ನಾಟಕ ಮುಗಿಯಿತು. ಕದ ತಳ್ಳಿ, ಅದು ಅಲ್ಲಾಡದಾಗ ಕಿಟಕಿಗೆ ಓಡುವ ರಾಣಿಯ ಪಾತ್ರಧಾರಿ ತನ್ನ ಮೈಯಿಂದಲೇ ಗೋಡೆ ಕಟ್ಟುತ್ತಾಳೆ. ಅವಳು ಎಲ್ಲಿ ನಿಂತು ತಿರುಗುತ್ತಾಳೋ ಅಲ್ಲಿಗೆ ಗೋಡೆ. ಸೆರೆಯಾಗಿರುವವಳೇ ದಿನಾ ತನ್ನ ಸೆರೆಮನೆಯನ್ನು ಕಟ್ಟಿಕೊಡಬೇಕು. ಅಪ್ಪಣ್ಣ ಒದಗಿಸುವುದು ಒಂದು ಬೀಗ ಮಾತ್ರ. ಮನೆಯಲ್ಲಿ ಕೂತು ಓದಿದರೆ ಇದು ಹೊಳೆಯುವುದಿಲ್ಲ, ಏಕೆಂದರೆ ಓದುವಾಗ ನಾವೇ ಗೋಡೆ ಎಬ್ಬಿಸಿಕೊಳ್ಳುತ್ತೇವೆ. 1997ರಲ್ಲಿ ಟಿ. ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದರು. ಪ್ರಕಾಶ್ ರೈ, ವಿಜಯಲಕ್ಷ್ಮಿ ಇಬ್ಬರೂ ಚೆನ್ನಾಗಿ ಮಾಡಿದ್ದಾರೆ, ಸಿ. ಅಶ್ವತ್ಥ್ ಸಂಗೀತದ ಹಾಡುಗಳನ್ನು ಈಗಲೂ ಕೇಳುತ್ತೇನೆ. ಆದರೆ ಸಿನಿಮಾದ ಮನೆಗೆ ನಿಜವಾದ ಗೋಡೆಗಳು. ಅಲ್ಲಿ ಬೀಗ ಬರೀ ಬೀಗವಾಯಿತು.

ಈ ಮಾತಿಗೆ ನನ್ನ ಬಳಿ ಒಂದು ಪುರಾವೆಯೂ ಉಂಟು. ಕಾಲೇಜು ಹುಡುಗರ ಪ್ರಯೋಗವೊಂದರಲ್ಲಿ ಅಪ್ಪಣ್ಣ ಮಧ್ಯಾಹ್ನದ ಊಟಕ್ಕೆ ಬಂದ, ಕೀಲಿಕೈ ತಿರುಗಿಸಿದ, ಬೀಗ ಬಿಚ್ಚಲಿಲ್ಲ. ಮತ್ತೆ ತಿರುಗಿಸಿದ. ಒಳಗೆ ರಾಣಿ ತಟ್ಟೆ ಹಿಡಿದು ಕಾಯುತ್ತಿದ್ದಾಳೆ. ಹಿಂದಿನ ಸಾಲಿನಿಂದ ಯಾರೋ ಕೂಗಿದರು: "ಸುತ್ತು ಹಾಕ್ಕೊಂಡ್ ಹೋಗೋ, ಮಾರಾಯಾ!" ಸಭೆಯೆಲ್ಲ ಗೊಳ್ಳೆಂದಿತು. ಹುಡುಗ ಗಟ್ಟಿಗ, ಸುತ್ತು ಹಾಕಲಿಲ್ಲ. ಸಿಟ್ಟಿನಿಂದ ಒಂದು ಜಗ್ಗು ಜಗ್ಗಿದ ನೋಡಿ, ಪ್ಲೈವುಡ್ಡಿಗೆ ಹೊಡೆದ ಸ್ಕ್ರೂಗಳು ಕಿತ್ತು ಚಿಲಕದ ಸಮೇತ ಬೀಗ ಕೈಗೆ ಬಂತು. ಅದನ್ನು ಹಿಡಿದುಕೊಂಡೇ ಒಳಗೆ ಹೋದ, ಪಕ್ಕದಲ್ಲಿಟ್ಟುಕೊಂಡು ಉಂಡ, ಕೈತೊಳೆದ, ಹೊರಗೆ ಬಂದು ಕದ ಎಳೆದು ಚೌಕಟ್ಟಿನಲ್ಲಿದ್ದ ಯಾವುದೋ ಮೊಳೆಗೆ ಚಿಲಕ, ಬೀಗ ಎರಡನ್ನೂ ತೂಗುಹಾಕಿ ಹೊರಟುಹೋದ. ಈಗ ಗೋಡೆಯೂ ಇಲ್ಲ, ಬೀಗವೂ ಇದ್ದಂತಿಲ್ಲ. ರಾಣಿ ಬಂದು ಕದ ತಳ್ಳಿದಳು, ಅಂದರೆ ತಳ್ಳಿದ ಹಾಗೆ ಮಾಡಿದಳು. ನಿಜವಾಗಿ ತಳ್ಳಿದ್ದರೆ ತೆರೆದುಕೊಳ್ಳುತ್ತಿತ್ತು. ಆಗ ಮಾತ್ರ ಯಾರೂ ನಗಲಿಲ್ಲ. ದುಡ್ಡು ಕೊಟ್ಟು ನೋಡಿದ ಎಷ್ಟೋ ಪಳಗಿದ ತಂಡಗಳ ಪ್ರಯೋಗ ಮರೆತುಹೋಗಿದೆ, ಆ ಹುಡುಗಿಯ ಅಂಗೈ ಕದಕ್ಕೆ ಒಂದಂಗುಲ ಈಚೆ ನಿಂತದ್ದು ಮರೆತಿಲ್ಲ.

ನಾವು ಚಿಕ್ಕವರಿದ್ದಾಗ ಜಾತ್ರೆಗೆ ಬರುತ್ತಿದ್ದ ಕಂಪನಿ ನಾಟಕಗಳಲ್ಲಿ ಸೆರೆಮನೆ ಎಂದರೆ ಒಂದು ಪರದೆ. ಅದರ ಮೇಲೆ ಕಪ್ಪು ಬಣ್ಣದ ಸರಳು, ಜೇಡರ ಬಲೆ, ಮೂಲೆಯಲ್ಲೊಂದು ಮಡಕೆ. ಕಂಸನ ಸೆರೆಯಾಗಲಿ, ಸ್ವಾತಂತ್ರ್ಯ ಹೋರಾಟದ ಜೈಲಾಗಲಿ ಅದೇ ಪರದೆ. ಕೃಷ್ಣ ಹುಟ್ಟಿದ ಕೂಡಲೇ ಬೀಗಗಳು ತಾವಾಗಿ ಕಳಚಿ ಬೀಳಬೇಕಲ್ಲ, ಅದಕ್ಕೆ ರಟ್ಟಿನ ದೊಡ್ಡ ಬೀಗ, ಅದಕ್ಕೊಂದು ದಾರ, ಸೈಡ್‌ವಿಂಗಿನಲ್ಲಿ ದಾರ ಎಳೆಯುವವನು. ರಟ್ಟು ಬಿದ್ದರೆ ಸದ್ದಾಗದು; ತಬಲಾದವನ ಪಕ್ಕದಲ್ಲಿದ್ದವನು ತಾಳವನ್ನು ಠಣ್ಣೆನ್ನಿಸುತ್ತಿದ್ದ. ಹೆಂಗಸರು ಕೈಮುಗಿಯುತ್ತಿದ್ದರು. ಅಲ್ಲಿ ಬೀಗ ಇದ್ದದ್ದೇ ಬೀಳುವುದಕ್ಕೆ. ದೇವರು ಬಂದಾಗ ಮೊದಲು ಸೋಲುವ ಪಾತ್ರ ಅದರದು, ಕಂಸನ ಸರದಿ ಆಮೇಲೆ. ರಾಣಿಯ ಬೀಗಕ್ಕೆ ಆ ಭಾಗ್ಯವಿಲ್ಲ. ಅವಳ ಬಳಿ ಬಂದ ದೇವತೆ ಬೀಗದ ತಂಟೆಗೇ ಹೋಗುವುದಿಲ್ಲ, ಬಚ್ಚಲಿನ ಕಿಂಡಿಯಲ್ಲಿ ನುಸುಳಿ ಬರುತ್ತದೆ.

ಬಚ್ಚಲ ಕಿಂಡಿಯ ವಿಷಯಕ್ಕೆ ಬರುತ್ತೇನೆ, ಅದಕ್ಕಿಂತ ಮುಂಚೆ ಬೀಗವೇ ಇಲ್ಲದ ಒಂದು ಸೆರೆಯ ಮಾತು. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಕಾಲದಲ್ಲಿ ಅಥೋಲ್ ಫುಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ಎನ್‌ಟ್ಷೋನಾ ಮೂವರೂ ಸೇರಿ ಕಟ್ಟಿದ ನಾಟಕ 'ದಿ ಐಲ್ಯಾಂಡ್'. 1973ರಲ್ಲಿ ಕೇಪ್‌ಟೌನಿನಲ್ಲಿ ಮೊದಲು ಆಡಿದಾಗ ಅದಕ್ಕೆ ಬೇರೆ ಹೆಸರಿತ್ತು, ಏಕೆಂದರೆ ರಾಬೆನ್ ದ್ವೀಪದ ಸೆರೆಮನೆಯ ಸುದ್ದಿಯನ್ನು ಬಹಿರಂಗವಾಗಿ ಎತ್ತುವುದೇ ಅಪಾಯವಾಗಿತ್ತು. ತೆರೆ ಸರಿದರೆ ಇಬ್ಬರು ಕೈದಿಗಳು ಮರಳು ತೋಡಿ ತಳ್ಳುಗಾಡಿಗೆ ತುಂಬುತ್ತಿದ್ದಾರೆ. ಇವನು ತುಂಬಿದ್ದನ್ನು ಅವನ ಗುಂಡಿಯ ಬಳಿ ಸುರಿಯಬೇಕು, ಅವನು ತುಂಬಿದ್ದನ್ನು ಇವನ ಬಳಿ. ಎಷ್ಟು ತೋಡಿದರೂ ಮುಗಿಯದ, ಯಾತಕ್ಕೂ ಬಾರದ ಕೆಲಸ. ಮರಳೂ ಇಲ್ಲ, ಸಲಿಕೆಯೂ ಇಲ್ಲ, ಗಾಡಿಯೂ ಇಲ್ಲ, ಬರಿಗೈ ಅಭಿನಯ. ಮಾತಿಲ್ಲದೆ ಇದು ಬಹಳ ಹೊತ್ತು ನಡೆಯುತ್ತದೆ, ಪ್ರೇಕ್ಷಕರು ಕುರ್ಚಿಯಲ್ಲಿ ಮಿಸುಕಾಡುವಷ್ಟು ಹೊತ್ತು. ಎಲ್ಲವೂ ಸುಳ್ಳು, ನಟರ ಬೆವರು ಮಾತ್ರ ನಿಜ. ಆಮೇಲೆ ಅವರ ಕೋಣೆ: ಎರಡು ಚಾಪೆ, ಕಂಬಳಿ, ಒಂದು ಬಕೆಟ್ ನೀರು, ಎರಡು ತಗಡಿನ ಲೋಟ. ಒಬ್ಬ ಖಾಲಿ ಲೋಟವನ್ನು ಟೆಲಿಫೋನು ಮಾಡಿಕೊಂಡು ಊರಿನ ಗೆಳೆಯರ ಜೊತೆ ಹರಟುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಕೂತು 'ಅದು ಕೇಳು, ಇದು ಕೇಳು' ಎಂದು ಪೀಡಿಸುತ್ತಾನೆ. ಅವರಿಬ್ಬರೂ ಸೆರೆಮನೆಯ ಸಮಾರಂಭಕ್ಕೆ ಗ್ರೀಕರ 'ಆಂಟಿಗೊನೆ'ಯ ಒಂದು ತುಣುಕು ಆಡಲು ತಯಾರಿ ನಡೆಸಿದ್ದಾರೆ. ಇದೇನೂ ನಾಟಕಕಾರರ ಕಲ್ಪನೆಯಲ್ಲ. ರಾಬೆನ್ ದ್ವೀಪದಲ್ಲಿ ಕೈದಿಗಳು 'ಆಂಟಿಗೊನೆ' ಆಡಿದ್ದುಂಟು. ಅದರಲ್ಲಿ ನಾಯಕಿ ಆಂಟಿಗೊನೆಗೆ ಶಿಕ್ಷೆ ಕೊಡುವ ರಾಜ ಕ್ರಿಯಾನನ ಪಾತ್ರ ಕಟ್ಟಿದವರು ನೆಲ್ಸನ್ ಮಂಡೇಲಾ. ಕೈದಿಯ ಕೈಗೆ ಸೆರೆಮನೆಯೊಳಗೇ ರಾಜದಂಡ ಕೊಟ್ಟು ನೋಡಿದವರು ಎಂಥ ಗಟ್ಟಿ ಹಾಸ್ಯಪ್ರಜ್ಞೆಯವರಿರಬೇಕು!

ಇದಕ್ಕೆ ತದ್ವಿರುದ್ಧ ವಿಜಯ ತೆಂಡೂಲ್ಕರರ ಮರಾಠಿ ನಾಟಕ 'ಶಾಂತತಾ! ಕೋರ್ಟ್ ಚಾಲೂ ಆಹೇ'. 1967ರದು, ಕನ್ನಡದಲ್ಲೂ ಬೇಕಾದಷ್ಟು ಸಲ ಆಡಿದ್ದಾರೆ. ಇಲ್ಲಿ ಸೆರೆಮನೆ ಅಂತ ಇಲ್ಲವೇ ಇಲ್ಲ, ಹಳ್ಳಿಯೊಂದರ ಸಭಾಭವನ. ನಾಟಕ ಶುರುವಾಗುವಾಗಲೇ ನಾಯಕಿ ಬೇಣಾರೆ ಬಾಯಿ ಬೆರಳು ಚೀಪುತ್ತ ಒಳಗೆ ಬರುತ್ತಾಳೆ; ಬಾಗಿಲ ಅಗುಳಿಗೆ ಸಿಕ್ಕಿ ಬೆರಳು ಜಜ್ಜಿದೆ. ಆ ಅಗುಳಿಯ ಹಣೆಬರಹವೇ ಅಷ್ಟು, ಸರಿಯಾಗಿ ಸರಿಸದಿದ್ದರೆ ಹೊರಗಿನಿಂದ ತಾನಾಗಿ ಬಿದ್ದುಬಿಡುತ್ತದೆ ಎಂದು ಊರಿನವನೊಬ್ಬ ಹೇಳುತ್ತಾನೆ. ನಗುತ್ತ ಕೇಳಿ ಮರೆತುಬಿಡುತ್ತೇವೆ. ಹೊತ್ತು ಕಳೆಯಲೆಂದು ಹೂಡಿದ ಆಟದ ವಿಚಾರಣೆ ನಿಜವಾದ ಬೇಟೆಯಾಗಿ, ಅವಳು ಚೀಲ ಎತ್ತಿಕೊಂಡು ಹೊರಟಾಗ ಬಾಗಿಲು ತೆರೆಯುವುದಿಲ್ಲ. ಅಗುಳಿ ಬಿದ್ದಿದೆ. ಯಾರೂ ಹಾಕಿದ್ದಲ್ಲ, ಬಿದ್ದಿದೆ. ಒಳಗಿದ್ದವರೆಲ್ಲ ಸಭ್ಯರು, ವಕೀಲರು, ಸಮಾಜಸೇವಕರು. ಅವಳನ್ನು ಕೂಡಿಹಾಕಿದ ಪಾಪ ಒಬ್ಬರಿಗೂ ತಟ್ಟದಂತೆ ತೆಂಡೂಲ್ಕರ್ ಆ ಕೆಲಸವನ್ನು ಒಂದು ತುಂಡು ಕಬ್ಬಿಣಕ್ಕೆ ವಹಿಸಿದ್ದಾರೆ. ಇದಕ್ಕಿಂತ ಕಟುವಾಗಿ ಆ ಸಭ್ಯರನ್ನು ಬೈಯಲು ಸಾಧ್ಯವೇ?

ಅಪ್ಪಣ್ಣನಿಗೆ ಈ ನಾಜೂಕು ಇಲ್ಲ. ತಾನೇ ಹಾಕುತ್ತಾನೆ, ಹಗಲುಹೊತ್ತಿನಲ್ಲೇ ಹಾಕುತ್ತಾನೆ. ನಟನಿಗೆ ಉಳಿಯುವ ಪ್ರಶ್ನೆ ಒಂದೇ: ಹಾಕಿದ ಮೇಲೆ ಜಗ್ಗಿ ನೋಡಬೇಕೋ ಬೇಡವೋ? ನಾನು ಎರಡೂ ಬಗೆಯ ಅಪ್ಪಣ್ಣರನ್ನು ನೋಡಿದ್ದೇನೆ. ಜಗ್ಗುವವನಿಗೆ ಪ್ರೇಕ್ಷಕರ ಪ್ರತಿಕ್ರಿಯೆ ಹೆಚ್ಚು. ಕ್ರೂರಿ, ಸಂಶಯಪಿಶಾಚಿ ಎಂದು ಥಟ್ಟನೆ ಅರ್ಥವಾಗುತ್ತದೆ. ನನಗೆ ಮಾತ್ರ ಜಗ್ಗದವನೇ ಹೆಚ್ಚು ಭಯಂಕರ ಎನಿಸಿದ್ದು. ಜಗ್ಗುವವನು, ಇವಳು ಹೊರಗೆ ಬಂದಾಳು ಎಂಬ ಅಂಜಿಕೆಯನ್ನಾದರೂ ಇಟ್ಟುಕೊಂಡಿರುತ್ತಾನೆ, ಅಷ್ಟರಮಟ್ಟಿಗೆ ಅವಳನ್ನು ಲೆಕ್ಕಕ್ಕಿಟ್ಟಿರುತ್ತಾನೆ. ಜಗ್ಗದವನು ಬೀಗ ಒತ್ತಿ, 'ಟಕ್' ಎಂದ ಕೂಡಲೇ ಬೆನ್ನು ತಿರುಗಿಸಿ ಹೋಗುತ್ತಾನೆ. ಅವಳಿಗೆ ಹೊರಗೆ ಬರುವ ಮನಸ್ಸಿದ್ದೀತು ಎಂಬುದೇ ಅವನಿಗೆ ಹೊಳೆದಿಲ್ಲ. ಉಗ್ರಾಣಕ್ಕೆ ಬೀಗ ಹಾಕಿದವನು ಅಕ್ಕಿಮೂಟೆ ತಪ್ಪಿಸಿಕೊಂಡೀತು ಎಂದು ಜಗ್ಗುತ್ತಾನೆಯೇ? ನನ್ನನ್ನು ಯಾವ ನಿರ್ದೇಶಕರೂ ಸಲಹೆ ಕೇಳಿಲ್ಲ, ಕೇಳಿದರೆ ಹೇಳುವುದಿಷ್ಟೇ: ಅಪ್ಪಣ್ಣ ಮೊದಲ ಅರ್ಧದಲ್ಲಿ ಜಗ್ಗಬಾರದು. ನಾಟಕ ಸಾಗಿದಂತೆ ಅವನು ಕಾವಲಿಗೆ ನಾಯಿ ತರುತ್ತಾನೆ, ಅದು ಸತ್ತ ಮೇಲೆ ಮುಂಗುಸಿ ತರುತ್ತಾನೆ. ಬೀಗದ ಮೇಲಿನ ನಂಬಿಕೆ ಸವೆಯುತ್ತಿದೆ ಎಂದಾಯಿತಲ್ಲ? ಆಗ ಒಮ್ಮೆ ಜಗ್ಗಲಿ. ರಾಣಿ ಬಸಿರಾದಳೆಂದು ತಿಳಿದ ಮೇಲೆ ಹುಚ್ಚು ಹಿಡಿದವನಂತೆ ಜಗ್ಗಲಿ. ಹೆಂಡತಿಯನ್ನು ಮನುಷ್ಯಳೆಂದು ಅವನು ತಿಳಿಯುತ್ತ ಬಂದದ್ದನ್ನು ಹೇಳಲು ಅಷ್ಟು ಸಾಕು.

ಇನ್ನು ಬಚ್ಚಲ ಕಿಂಡಿ. ಹಳೆಯ ಮನೆಗಳ ಬಚ್ಚಲು ನೋಡಿದವರಿಗೆ ಗೊತ್ತು: ಮೂಲೆಯಲ್ಲಿ ಮಸಿಹಿಡಿದ ಹಂಡೆ, ಕೆಳಗೆ ಉರಿಯುವ ತೆಂಗಿನ ಸೋಗೆ, ನೀರು ಹಿತ್ತಲ ಬಾಳೆಬುಡಕ್ಕೆ ಹೋಗಲೆಂದು ಗೋಡೆಯ ಬುಡದಲ್ಲೊಂದು ತೂತು. ನಮ್ಮಜ್ಜಿ ದಿನಾ ರಾತ್ರಿ ಮಲಗುವ ಮುಂಚೆ ಆ ತೂತಿಗೆ ಹರಕು ಗೋಣಿತಾಟು ತುರುಕಿ, ಅದರ ಮೇಲೊಂದು ಇಟ್ಟಿಗೆ ಇಡುತ್ತಿದ್ದರು. ಹೆಗ್ಗಣಕ್ಕೆ ಅಂತ ಹೇಳುತ್ತಿದ್ದರು, ಹಾವಿನ ಹೆಸರನ್ನು ರಾತ್ರಿಹೊತ್ತು ಎತ್ತುತ್ತಿರಲಿಲ್ಲ. ಅಜ್ಜನಿಗೆ ಮುಂಬಾಗಿಲ ಜವಾಬ್ದಾರಿ. ಅಲಿಗಢದ ಹಿತ್ತಾಳೆ ಬೀಗ, ಉಡಿದಾರಕ್ಕೆ ಕಟ್ಟಿದ ಕೀಲಿಕೈ, ಅದರ ಠೀವಿಯೇ ಬೇರೆ. ಮನೆಗೆ ಹಿಂದೊಂದು ಬಾಯಿ ಇದೆ ಎಂಬುದು ಅವರ ನೆನಪಿನಲ್ಲೇ ಇರಲಿಲ್ಲವೆಂದು ಕಾಣುತ್ತದೆ. ಅಪ್ಪಣ್ಣನೂ ನಮ್ಮಜ್ಜನ ಜಾತಿಯವನೇ. ಮುಂಬಾಗಿಲಿನಿಂದ ಬರುವ ಗಂಡಸರನ್ನು ತಡೆದರೆ ಹೆಂಡತಿಯನ್ನು ಕಾಪಾಡಿದಂತಾಯಿತೆಂದು ತಿಳಿದವನು. ದಿನಾ ಬಂದು ಸ್ನಾನ ಮಾಡುವ ಬಚ್ಚಲಿನ ಕಿಂಡಿ ಅವನ ಕಣ್ಣಿಗೆ ಬೀಳಲಿಲ್ಲ. ಬಚ್ಚಲು ತೊಳೆಯುವವರಿಗೆ ಬೀಳುತ್ತದೆ.

ನಾಗನೂ ಅಪ್ಪಣ್ಣನೂ ಒಬ್ಬನೇ ನಟ ಎಂಬುದು ಬೀಗಕ್ಕೆ ಇನ್ನೊಂದು ಕೆಲಸ ಕೊಡುತ್ತದೆ. ಅದೇ ಮುಖ, ಅದೇ ಮೈಕಟ್ಟು. ಇವನು ಯಾರು ಎಂದು ಪ್ರೇಕ್ಷಕರಿಗೆ ಗೊತ್ತಾಗುವುದು ಹೇಗೆ? ಬೆಳಕು ಬದಲಿಸುತ್ತಾರೆ, ಸಂಗೀತ ಬದಲಿಸುತ್ತಾರೆ, ಕೆಲವರು ಹೆಗಲಿಗೆ ಹಸಿರು ಶಾಲು ಹಾಕಿ ಕಳುಹಿಸುತ್ತಾರೆ, ಯಾವುದೂ ಬೇಕಾಗಿಲ್ಲ. ಹಗಲಿನ ಗಂಡ ಬರುವಾಗ ಬೀಗದ ಸದ್ದಾಗುತ್ತದೆ, ರಾತ್ರಿಯ ಗಂಡ ಬರುವಾಗ ಆಗುವುದಿಲ್ಲ. ನಮಗೆ ಕೇಳಿದ್ದು ರಾಣಿಗೂ ಕೇಳಿರಬೇಕಲ್ಲ? ಅವನು ಹೋದ ಮೇಲೆ ಎದ್ದು ಕದ ತಳ್ಳುತ್ತಾಳೆ, ಬೀಗ ಹಾಕಿಯೇ ಇದೆ. ಕನ್ನಡಿಯಲ್ಲಿ ಹಾವಿನ ರೂಪ ಕಂಡು ಬೆಚ್ಚುತ್ತಾಳೆ, ರಾತ್ರಿಯವನ ಮೈಮೇಲಿನ ಗಾಯ ಹಗಲಿನವನ ಮೈಮೇಲೆ ಇಲ್ಲದ್ದನ್ನು ನೋಡುತ್ತಾಳೆ. ಏನೂ ಕೇಳಬಾರದೆಂದು ಅವನು ಹೇಳಿದ್ದಾನೆ, ಅವಳು ಕೇಳುವುದಿಲ್ಲ. ರಾಣಿ ಮುಗ್ಧೆ ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳ ಬಗ್ಗೆ ನನಗೆ ತಕರಾರಿದೆ. ಬೀಗದ ಸದ್ದಿಲ್ಲದೆ ಗಂಡ ಒಳಗೆ ಬಂದದ್ದನ್ನು ಗಮನಿಸದಷ್ಟು ಮುಗ್ಧತೆ, ಹಗಲೆಲ್ಲ ಅದೇ ಸದ್ದಿಗೆ ಕಿವಿಗೊಟ್ಟು ಕೂತ ಹೆಂಗಸಿಗೆ ಇರಲಾರದು. ಅವಳು ತಿಳಿಯದೆ ಉಳಿದವಳಲ್ಲ, ಕೇಳದೆ ಉಳಿದವಳು. ಅಪ್ಪಣ್ಣ ಹಾಕಿದ ಬೀಗವೇ ಪ್ರತಿರಾತ್ರಿ ಅವಳಿಗೆ, ಇವನು ಅವನಲ್ಲ ಎಂದು ಸಾಕ್ಷಿ ಹೇಳುತ್ತದೆ. ಸಾಕ್ಷಿಯನ್ನು ಕರೆಸದೆ ಬಿಡುವುದೂ ಒಂದು ಜಾಣತನ.

ಬೀಗ ತೆರೆದಿದ್ದಾಗ ಅವಳು ಹೊರಗೆ ಬಂದದ್ದೂ ಉಂಟು. ಬೇರು ತೇದು ಹಾಕಿದ ಸಾರು ರಕ್ತದಂತೆ ಕೆಂಪಗೆ ಕುದಿದಾಗ, ಗಂಡನಿಗೇನಾದರೂ ಆದೀತೆಂದು ಹೆದರಿ, ಅವನು ಮನೆಯೊಳಗಿರುವಾಗಲೇ ಪಾತ್ರೆ ಹಿಡಿದು ಆಚೆ ಓಡುತ್ತಾಳೆ. ನೆಲಕ್ಕೆ ಚೆಲ್ಲಿದರೆ ಕಲೆಯಾದೀತು, ಗೊತ್ತಾದೀತು ಎಂದು ಹುತ್ತಕ್ಕೆ ಸುರಿಯುತ್ತಾಳೆ. ಬಾಗಿಲು ತೆರೆದಿದೆ, ಎದುರಿಗೆ ಊರು, ಊರಾಚೆ ತವರಿನ ದಾರಿ. ಹದ್ದೊಂದು ಬಂದು ತನ್ನನ್ನು ಅಪ್ಪ ಅಮ್ಮನ ಬಳಿಗೆ ಒಯ್ಯುವ ಕನಸು ಕಂಡವಳು ಅವಳೇ. ಪಾತ್ರೆ ಖಾಲಿ ಮಾಡಿ ತಿರುಗಿ ಮನೆಯೊಳಗೇ ಓಡುತ್ತಾಳೆ. ಎಲ್ಲಿ ಹೋಗಿದ್ದೆ ಎಂದು ಕೆನ್ನೆಗೊಂದು ಬೀಳುತ್ತದೆ. ಬೀಗದ ಬಗ್ಗೆ ಇಡೀ ನಾಟಕದಲ್ಲಿ ಇದಕ್ಕಿಂತ ಮುಖ್ಯವಾದ ಗಳಿಗೆ ಇಲ್ಲವೆಂದು ನನ್ನ ಲೆಕ್ಕ, ಮತ್ತು ಆ ಹೊತ್ತಿನಲ್ಲಿ ಬೀಗ ಬಾಗಿಲ ಮೇಲೆ ಇರುವುದೇ ಇಲ್ಲ. ಒಳ್ಳೆಯ ನಟಿ ಇಲ್ಲಿ ಹೊಸಿಲ ಬಳಿ ಒಂದು ಕ್ಷಣ ತಡೆಯುತ್ತಾಳೆ. ಸಾಧಾರಣ ನಟಿಯರು ಸಾರು ಚೆಲ್ಲುವ ಗಡಿಬಿಡಿಯಲ್ಲಿರುತ್ತಾರೆ.

ಹೊರಚೌಕಟ್ಟಿನ ಕಥೆಯಲ್ಲೂ ಒಬ್ಬಳು ಕೂಡಿಹಾಕುವವಳು ಇದ್ದಾಳೆ ಎಂಬುದನ್ನು ಜನ ಮರೆಯುತ್ತಾರೆ. ಮನೆಮನೆಯ ದೀಪ ಆರಿಸಿದ ಮೇಲೆ ಜ್ಯೋತಿಗಳೆಲ್ಲ ಪಾಳುಗುಡಿಗೆ ಬಂದು ಹರಟುತ್ತವಲ್ಲ, ಆಗ ಬರುವ ಸುದ್ದಿ ಇದು: ಒಬ್ಬ ಮುದುಕಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಒಂದು ರಾತ್ರಿ ಬಾಯ್ತೆರೆದು ಗೊರಕೆ ಹೊಡೆಯುವಾಗ ಎರಡೂ ಹಾರಿ ತಪ್ಪಿಸಿಕೊಂಡವು. ಕಥೆ ಹೆಣ್ಣಾಯಿತು, ಹಾಡು ಅವಳುಟ್ಟ ಸೀರೆಯಾಯಿತು. ಕಾವಲಿನವರು ಮಲಗಿದರೆ ಬಾಗಿಲು ತಾನಾಗಿ ತೆರೆಯುವುದು ಕಂಸನ ಸೆರೆಯಲ್ಲೂ ನಡೆದದ್ದೇ. ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಕಂಪನಿ ನಾಟಕ, ಯಕ್ಷಗಾನ ಎರಡನ್ನೂ ನೋಡಿ ಬೆಳೆದವರು. ತಾಳದ ಆ ಠಣ್ ಅವರ ಕಿವಿಯಲ್ಲೂ ಉಳಿದಿತ್ತೋ ಏನೋ.

ನನ್ನ ನಿಜವಾದ ತಕರಾರು ಇರುವುದು ಕೊನೆಯ ದೃಶ್ಯದ ಬಗ್ಗೆ. ಹಾವು ಹಿಡಿದು ಆಣೆ ಮಾಡಿ ರಾಣಿ ದೇವಿಯಾಗುತ್ತಾಳೆ, ಅಪ್ಪಣ್ಣ ಕಾಲಿಗೆ ಬೀಳುತ್ತಾನೆ, ಮಗು ಹುಟ್ಟುತ್ತದೆ. ದುಃಖದ ಮುಕ್ತಾಯ ಒಪ್ಪದ ಜ್ಯೋತಿಗಳಿಗಾಗಿ ಕಥೆ ಇನ್ನೊಂದು ಮುಕ್ತಾಯ ಪಡೆಯುತ್ತದೆ: ತಲೆ ಬಾಚುವಾಗ ಜಡೆಯಿಂದ ಹಾವು ಬೀಳುತ್ತದೆ, ಅವಳು ಗಂಡನ ದಿಕ್ಕು ತಪ್ಪಿಸಿ ಅದನ್ನು ಕೂದಲಲ್ಲೇ ಬಚ್ಚಿಟ್ಟುಕೊಳ್ಳುತ್ತಾಳೆ. ಇಷ್ಟು ದಿನ ಒಳಗೆ ಇಡಿಸಿಕೊಂಡವಳು ಈಗ ತಾನೇ ಒಬ್ಬನನ್ನು ಒಳಗಿಟ್ಟುಕೊಂಡಳು. ಅದು ಆಶ್ರಯವೋ ಸೆರೆಯೋ ನಾಗನನ್ನು ಯಾರೂ ಕೇಳುವುದಿಲ್ಲ. ಇಂಥ ಹೊತ್ತಿನಲ್ಲಿ ಬೀಗ ಎಲ್ಲಿ? ಕದಕ್ಕೆ ಬಾಯ್ತೆರೆದು ನೇತಾಡುತ್ತಿರಬೇಕು, ಕೀಲಿಕೈ ಅವಳ ಸೆರಗಿನ ತುದಿಯಲ್ಲಿ ಇರಬೇಕು ಎಂದು ನಾನು ವಾದ ಮಾಡುತ್ತ ಬಂದಿದ್ದೇನೆ. ಎಷ್ಟೋ ಪ್ರಯೋಗಗಳಲ್ಲಿ ಅದು ರಂಗದ ಮೇಲೆ ಇರುವುದೇ ಇಲ್ಲ. ಒಂದು ತಂಡದ ರಂಗಸಜ್ಜಿಕೆಯವರನ್ನು ಹಿಡಿದು ನಿಲ್ಲಿಸಿ ಕೇಳಿಯೇಬಿಟ್ಟೆ, ಬೀಗ ತೆಗೆದದ್ದರ ಹಿಂದೆ ನಿರ್ದೇಶಕರ ಉದ್ದೇಶವೇನು, ಬಿಡುಗಡೆಯ ಸಂಕೇತವೇ ಎಂದು. ಅವರು ಚಹಾದ ಲೋಟ ಕೆಳಗಿಟ್ಟು ಹೇಳಿದರು: "ಉದ್ದೇಶ ಏನಿಲ್ಲ ಸಾರ್. ಅದು ನಮ್ಮ ರಿಹರ್ಸಲ್ ರೂಮಿನ ಬೀಗ. ಹುಡುಗರು ಸಾಮಾನೆಲ್ಲ ತಂದು ಅಲ್ಲಿ ಇಡೋದಿಕ್ಕೆ ಶುರು ಮಾಡಿರ್ತಾರೆ, ಬಾಗಿಲು ತೆರೆದು ಬಿಡೋಕಾಗುತ್ತಾ? ಪಂಚಾಯ್ತಿ ಸೀನ್ ಮುಗಿದ ಕೂಡ್ಲೇ ಕಳಿಸಿಬಿಡ್ತೀವಿ."